‘ಹೆಂಗ್ ಗೊತ್ತಾತು ನಿಂಗೆ?’: ಎಳೆಯ ಮಕ್ಕಳ ತರ್ಕವೂ ರೊಳ್ಳದ ಜಗಲಿಯೂ

ರೊಳ್ಳದ ಕಡೆಯ ನಾಲ್ಕು ವರ್ಷದ ಮಗು ಅಜ್ಜಿಯ ಜೊತೆ ಜಗಳ ಆಡುವುದು ಕನ್ನಡದಲ್ಲಿ. ಸರ್ಕಾರ ಅದರ ಲೆಕ್ಕ ಬರೆದಿಡುವುದು ತೆಲುಗಿನಲ್ಲಿ. ಖಾಸಗಿ ಶಾಲೆಯ ವ್ಯಾನು ಹತ್ತಿಸಿದರೆ ಎಲ್ಲವೂ ಇಂಗ್ಲಿಷಿನಲ್ಲಿ. ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಎಂಬ ಐದು ಮಂಡಲಗಳ ಈ ಆಂಧ್ರದ ಸೀಮೆ ಕರ್ನಾಟಕದ ಶಿರಾಕ್ಕೆ ಒತ್ತಿಕೊಂಡೇ ಇದೆ. ಸಂತೆ, ಬೀಗತನ, ದೇವರ ಪರಿಷೆ ಎಲ್ಲಕ್ಕೂ ಜನ ಗಡಿ ದಾಟುತ್ತಲೇ ಇರುತ್ತಾರೆ. ಅತ್ತ ರಾಯದುರ್ಗವಂತೂ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಆಂಧ್ರ ರಾಜ್ಯ ಹುಟ್ಟಿದ ಆ ವರ್ಷ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂತು; ಆದೋನಿ, ಆಲೂರು, ರಾಯದುರ್ಗ ಆಚೆ ಉಳಿದವು. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದಾಗ ರಾಯದುರ್ಗ ಅದರಲ್ಲೇ ನಿಂತಿತು, ಮಡಕಶಿರಾ ಮತ್ತು ರೊಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ದೊಡ್ಡವರು ಎಳೆದ ಇಷ್ಟು ಗೆರೆಗಳ ನಡುವೆ ಕೂತ ಮೂರರಿಂದ ಆರು ವರ್ಷದ ಮಗುವಿಗೆ ಸರಿಯಾಗಿ ಯೋಚಿಸುವುದನ್ನು ಕಲಿಸಬೇಕೇ, ಕಲಿಸಬಹುದೇ, ಕಲಿಸುವುದಾದರೆ ಯಾವ ಮಾತಿನಲ್ಲಿ?

ಈ ಪ್ರಶ್ನೆಗೆ ಪೇಟೆಯಲ್ಲಿ ಸಿದ್ಧ ಉತ್ತರಗಳಿವೆ. ‘ಮಗುವಿನ ಬುದ್ಧಿ ಚುರುಕಾಗಲಿ’ ಎಂದು ಅಬ್ಯಾಕಸ್ ತರಗತಿ, ಚುಕ್ಕಿ ಸೇರಿಸುವ ವರ್ಕ್‌ಬುಕ್ಕು, ಬಣ್ಣಬಣ್ಣದ ಪಜಲ್ ಪೆಟ್ಟಿಗೆ, ಅಪ್ಪನ ಫೋನಿನಲ್ಲೊಂದು ಆ್ಯಪು. ಮಾರುವವರೆಲ್ಲರ ಕೈಯಲ್ಲೂ ಒಂದು ಅಂಕಿ ಇರುತ್ತದೆ: ಮಿದುಳಿನ ಬೆಳವಣಿಗೆಯಲ್ಲಿ ಶೇ 85ರಷ್ಟು ಆರು ವರ್ಷದೊಳಗೇ ಮುಗಿಯುತ್ತದೆ ಎಂಬುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಈ ಅಂಕಿ ಇದೆ. ಆದರೆ ಮಿದುಳು ಬೆಳೆಯುವುದು ಬೇರೆ, ಅದು ಏನನ್ನು ಕಲಿತಿದೆ ಎಂಬುದು ಬೇರೆ. ಆರು ವರ್ಷದ ಹುಡುಗ ದೊಡ್ಡವರ ಬುದ್ಧಿಯ ಶೇ 85ರಷ್ಟನ್ನು ಗಳಿಸಿಬಿಟ್ಟಿದ್ದಾನೆ ಎಂದು ಅವನನ್ನು ಒಂದು ದಿನ ನೋಡಿಕೊಂಡ ಯಾರೂ ಒಪ್ಪಲಾರರು. ಈ ಅಂಕಿ ಹೆದರಿಸಿ ವ್ಯಾಪಾರ ಮಾಡಲು ಒದಗುವಷ್ಟು ಮಗುವಿಗೆ ಒದಗುವುದಿಲ್ಲ.

ಕಳೆದ ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಎಳೆಯ ಮಗುವಿನಲ್ಲಿ ತರ್ಕ ಆಗಲೇ ಇದೆ. ಅದಕ್ಕೆ ಕೊರತೆಯಾಗಿರುವುದು ವಾದಕ್ಕೆ ಕೂರುವ ಒಬ್ಬ ದೊಡ್ಡವರು, ಅದೂ ಮಗು ಜಗಳವಾಡುವ ಭಾಷೆಯಲ್ಲೇ. ಈ ಮಾತನ್ನು ಒಪ್ಪುವ ಮುನ್ನ, ಮಗುವಿಗೆ ತರ್ಕವೇ ಇಲ್ಲ ಎಂದವರ ವಾದವನ್ನು ಕೇಳಬೇಕು.

ಅವರಲ್ಲಿ ಮೊದಲಿಗರು ಸ್ವಿಟ್ಜರ್‌ಲೆಂಡಿನ ಜಾನ್ ಪಿಯಾಜೆ (1896–1980). ಎರಡರಿಂದ ಏಳು ವರ್ಷದ ಮಗು ಕಣ್ಣಿಗೆ ಕಂಡದ್ದಕ್ಕೆ ಸೋಲುತ್ತದೆ ಎಂಬುದು ಅವರ ತೀರ್ಮಾನ. ಎರಡು ಸಾಲುಗಳಲ್ಲಿ ಸಮ ಸಂಖ್ಯೆಯ ಗುಂಡಿಗಳನ್ನು ಜೋಡಿಸಿ ‘ಎರಡರಲ್ಲೂ ಅಷ್ಟೇ ಇದೆಯಾ?’ ಎಂದರೆ ಮಗು ಹೌದು ಎನ್ನುತ್ತದೆ. ಒಂದು ಸಾಲನ್ನು ಎಳೆದು ಉದ್ದ ಮಾಡಿ ಮತ್ತೆ ಕೇಳಿದರೆ ಉದ್ದ ಸಾಲಿನಲ್ಲಿ ಜಾಸ್ತಿ ಇದೆ ಎನ್ನುತ್ತದೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಹುಣಸೆ ಬೀಜ ಇಟ್ಟು ನೋಡಬಹುದು. ಪಿಯಾಜೆ ಹೇಳಿದಂತೆಯೇ ಆಗುತ್ತದೆ. ಹಿಂದೂಪುರದ ಮಂಡಿಗೆ ಮೂಟೆಗಟ್ಟಲೆ ಹುಣಸೆಹಣ್ಣು ಹೋಗುವ ಸೀಮೆಯಲ್ಲಿ ಬೀಜಕ್ಕೇನೂ ಬರವಿಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಸಂಗಡಿಗ ಜೇಮ್ಸ್ ಮೆಕ್‌ಗ್ಯಾರಿಗಲ್ 1970ರ ದಶಕದಲ್ಲಿ ಇಲ್ಲೇ ಒಂದು ಕೊಕ್ಕೆ ಹಾಕಿದರು. ದೊಡ್ಡವರೊಬ್ಬರು ಗಂಭೀರವಾಗಿ ಸಾಲನ್ನು ಸರಿಸಿ, ಕೇಳಿದ್ದನ್ನೇ ಮತ್ತೆ ಕೇಳಿದರೆ ಮಗು ಏನೆಂದುಕೊಳ್ಳಬೇಕು? ಮೊದಲ ಉತ್ತರ ತಪ್ಪಾಗಿರಬೇಕು, ಇಲ್ಲವೇ ಇವರು ಏನೋ ಮಾಡಿದ್ದರಿಂದ ಉತ್ತರ ಬದಲಾಗಿರಬೇಕು ಎಂದಲ್ಲವೇ? ಹಾಗಾಗಿ ಅವರು ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿ ಗೊಂಬೆಗೆ ಒಪ್ಪಿಸಿದರು. ಕರಡಿ ಪೆಟ್ಟಿಗೆಯಿಂದ ಹಾರಿ ಬಂದು ಆಟ ಕೆಡಿಸುತ್ತದೆ, ಆಮೇಲೆ ಪ್ರಶ್ನೆ. ನಾಲ್ಕರಿಂದ ಆರು ವರ್ಷದ 80 ಮಕ್ಕಳಲ್ಲಿ ದೊಡ್ಡವರು ಸರಿಸಿದಾಗ ಸರಿಯಾಗಿ ಹೇಳಿದವರು 13. ಕರಡಿ ಕೆಡಿಸಿದಾಗ 50. ಗುಂಡಿಗಳ ಲೆಕ್ಕ ಎರಡೂ ಸಲ ಒಂದೇ. ಮಗು ಯೋಚಿಸುತ್ತಿದ್ದದ್ದು ಗುಂಡಿಗಳ ಬಗ್ಗೆ ಮಾತ್ರವಲ್ಲ, ಕೇಳುವವರ ಮನಸ್ಸಿನ ಬಗ್ಗೆಯೂ.

ಇದೇ ಮೆಕ್‌ಗ್ಯಾರಿಗಲ್ ನಾಲ್ಕು ಆಟಿಕೆ ಹಸುಗಳನ್ನು ಮಲಗಿಸಿದರು. ಮೂರು ಕಪ್ಪು, ಒಂದು ಬಿಳಿ. ‘ಕಪ್ಪು ಹಸು ಜಾಸ್ತಿನಾ, ಹಸು ಜಾಸ್ತಿನಾ?’ ಎಂದಾಗ ಸುಮಾರು ಆರು ವರ್ಷದ ಮಕ್ಕಳಲ್ಲಿ ಸರಿಯಾಗಿ ಉತ್ತರಿಸಿದವರು ಶೇ 25. ‘ಕಪ್ಪು ಹಸು ಜಾಸ್ತಿನಾ, ಮಲಗಿರೋ ಹಸು ಜಾಸ್ತಿನಾ?’ ಎಂದು ಒಂದೇ ಒಂದು ಮಾತು ಸೇರಿಸಿದಾಗ ಶೇ 48. ಒಂದು ಗುಂಪು ಇನ್ನೊಂದು ಗುಂಪಿನೊಳಗೆ ಅಡಗಿದೆ ಎಂಬ ತಿಳಿವು ಮಗುವಿಗಿತ್ತು. ಪ್ರಶ್ನೆಯೇ ಅದನ್ನು ದಾರಿ ತಪ್ಪಿಸಿತ್ತು. 1978ರಲ್ಲಿ ಡೊನಾಲ್ಡ್‌ಸನ್ ಈ ಬಗೆಯ ಕೆಲಸವನ್ನೆಲ್ಲ ಒಂದು ಚಿಕ್ಕ ಪುಸ್ತಕದಲ್ಲಿ ಕೂಡಿಸಿದರು. ಎಳೆಯ ಮಕ್ಕಳಿಗೆ ಪಾಠ ಮಾಡುವವರು ಪಿಯಾಜೆಯ ಹಂತಗಳ ಕೋಷ್ಟಕವನ್ನು ಬಾಯಿಪಾಠ ಮಾಡುವ ಬದಲು ಆ ಒಂದು ಪುಸ್ತಕ ಓದಿದರೆ ಹೆಚ್ಚು ಲಾಭ ಎಂಬುದು ನನ್ನ ಅನಿಸಿಕೆ. ಆದರೂ ಪಿಯಾಜೆಯನ್ನು ತಳ್ಳಿಹಾಕುವಂತಿಲ್ಲ. ಕರಡಿ ಬಂದರೂ 30 ಮಕ್ಕಳು ಎಡವಿದರು ತಾನೆ?

ಮಗುವಿನ ತರ್ಕ ಎಷ್ಟು ಬೇಗ ಮೊಳೆಯುತ್ತದೆ ಎನ್ನುವುದಕ್ಕೆ ಅಮೆರಿಕದ ಶಿಲ್ಪಾ ಮೋದಿ ಮತ್ತು ಸೂಸನ್ ಕ್ಯಾರಿ 2016ರಲ್ಲಿ ಪ್ರಕಟಿಸಿದ ಪ್ರಯೋಗ ಚೆನ್ನಾಗಿ ಸಾಕ್ಷಿ ನುಡಿಯುತ್ತದೆ. ನಾಲ್ಕು ಲೋಟಗಳನ್ನು ಎರಡೆರಡರಂತೆ ಜೋಡಿ ಮಾಡಿ ಬೋರಲು ಹಾಕುತ್ತಾರೆ. ಅಡ್ಡ ತೆರೆ ಹಿಡಿದು ಒಂದೊಂದು ಜೋಡಿಯಲ್ಲೂ ಯಾವುದೋ ಒಂದು ಲೋಟದ ಕೆಳಗೆ ಒಂದು ಬಹುಮಾನ ಅಡಗಿಸುತ್ತಾರೆ. ಆಮೇಲೆ ಒಂದು ಲೋಟ ಎತ್ತಿ ಖಾಲಿ ಎಂದು ತೋರಿಸುತ್ತಾರೆ. ಈಗ ಒಂದೇ ಲೋಟ ಆರಿಸಬೇಕು. ಖಾಲಿ ಲೋಟದ ಜೊತೆಯ ಲೋಟದಲ್ಲಿ ಬಹುಮಾನ ಖಂಡಿತ. ಆಚೆ ಜೋಡಿಯ ಯಾವುದೇ ಒಂದು ಲೋಟದಲ್ಲಿ ಇದ್ದರೂ ಉಂಟು, ಇಲ್ಲದಿದ್ದರೂ ಉಂಟು. ಮೂರು ವರ್ಷ ದಾಟಿದ ಮಕ್ಕಳು ಖಂಡಿತವಾದದ್ದನ್ನೇ ಹೆಚ್ಚಾಗಿ ಆರಿಸಿದರು; ಎರಡೂವರೆ ವರ್ಷದವರಿಗೆ ಇದು ಒದಗಲಿಲ್ಲ. ‘ಇದು ಇಲ್ಲವೇ ಅದು, ಇದಲ್ಲ, ಆದ್ದರಿಂದ ಅದು’ ಎಂಬ ತರ್ಕಶಾಸ್ತ್ರದ ಹಳೆಯ ಸೂತ್ರ ಅಂಗನವಾಡಿಗೆ ಸೇರುವ ವಯಸ್ಸಿಗೇ ಕೈಗೆ ಬಂದಿರುತ್ತದೆ.

ರೊಳ್ಳದ ಜಗಲಿಯಲ್ಲಿ ಈ ಪ್ರಯೋಗಕ್ಕೆ ನಾಲ್ಕು ಸ್ಟೀಲು ಲೋಟ, ಎರಡು ಕಡ್ಲೆಕಾಯಿ ಸಾಕು. ಕಡ್ಲೆಕಾಯಿ ಸುಲಿಯುತ್ತ ಕೂತ ಅಜ್ಜಿ ಮೊಮ್ಮಗಳನ್ನು ಆಡಿಸುವಾಗ ಮಾತು ಹೀಗೆ ಸಾಗುತ್ತದೆ ಎಂದಿಟ್ಟುಕೊಳ್ಳಿ:

‘ಎಲ್ಲೈತೆ ಹೇಳು?’

‘ಇದ್ರಾಗೆ.’

‘ಹೆಂಗ್ ಗೊತ್ತಾತು ನಿಂಗೆ? ತೆಗ್ದು ನೋಡಿಲ್ಲ.’

‘ಅದ್ರಾಗ್ ಇಲ್ಲಲ್ಲ ಅಜ್ಜಿ!’

ಈ ಕೊನೆಯ ಮಾತು ಬರುವುದು ಅಜ್ಜಿ ಕೇಳಿದ್ದರಿಂದ. ಕೇಳದಿದ್ದರೂ ಮಗು ಸರಿಯಾದ ಲೋಟವನ್ನೇ ಮುಟ್ಟುತ್ತಿತ್ತು, ಕಡ್ಲೆಕಾಯಿ ತಿಂದು ಓಡುತ್ತಿತ್ತು. ಕೇಳಿದ್ದರಿಂದ ಕೈ ಮಾಡಿದ ಕೆಲಸಕ್ಕೆ ಬಾಯಿ ಕಾರಣ ಹುಡುಕಿತು. ಎಳೆಯ ಮಕ್ಕಳಿಗೆ ತರ್ಕ ಕಲಿಸುವುದು ಎಂದರೆ ಬಹುಪಾಲು ಇಷ್ಟೇ: ಒಳಗೆ ನಡೆದದ್ದನ್ನು ಹೊರಗೆ ಹೇಳಿಸುವುದು. ಮಗುವಿನ ಉತ್ತರ ತಪ್ಪಿದ್ದಾಗ ಮಾತ್ರ ‘ಯಾಕೆ?’ ಎಂದು ಕೇಳುವುದು ನಮ್ಮ ರೂಢಿ. ಹಾಗಾಗಿ ಆ ಪ್ರಶ್ನೆ ಬಂದ ತಕ್ಷಣ ಮಕ್ಕಳು ಉತ್ತರ ಬದಲಿಸುತ್ತಾರೆ. ಸರಿಯಿದ್ದಾಗಲೂ ಕೇಳಬೇಕು, ಕೇಳಿದ ಮೇಲೆ ಬಾಯಿ ಮುಚ್ಚಿ ಕಾಯಬೇಕು. ಎರಡನೆಯದು ಹೆಚ್ಚು ಕಷ್ಟ.

ಈಗ ಕಥೆಯ ವಿಷಯ. 1931–32ರಲ್ಲಿ ರಷ್ಯದ ಅಲೆಕ್ಸಾಂಡರ್ ಲೂರಿಯಾ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ ಶಾಲೆ ಕಾಣದ ರೈತರಿಗೆ ಒಂದು ಒಗಟಿನಂಥ ಪ್ರಶ್ನೆ ಹಾಕಿದರು: ದೂರದ ಉತ್ತರದಲ್ಲಿ, ಹಿಮ ಬೀಳುವಲ್ಲಿ, ಕರಡಿಗಳೆಲ್ಲ ಬಿಳಿ, ಇಂಥ ಊರು ಆ ಉತ್ತರದಲ್ಲಿದೆ, ಅಲ್ಲಿನ ಕರಡಿ ಯಾವ ಬಣ್ಣ? ಅನೇಕರು ಉತ್ತರಿಸಲು ಒಪ್ಪಲಿಲ್ಲ. ನಾನು ಅಲ್ಲಿಗೆ ಹೋಗಿಲ್ಲ, ನೋಡದ್ದನ್ನು ಹೇಗೆ ಹೇಳಲಿ ಎಂಬುದು ಅವರ ನಿಲುವು. ಇದನ್ನು ಬುದ್ಧಿಯ ಕೊರತೆ ಎಂದು ಓದಿದವರಿದ್ದಾರೆ. ನನಗೆ ಅದು ಕಾಣದ್ದನ್ನು ಸಾಧಿಸಹೋಗದ ರೈತನ ಎಚ್ಚರಿಕೆಯಾಗಿಯೂ ಕಾಣುತ್ತದೆ. ಆದರೆ ಒಂದಂತೂ ನಿಜ: ಕೊಟ್ಟ ಮಾತನ್ನೇ ಸತ್ಯವೆಂದು ಹಿಡಿದು, ಅದರಿಂದ ಮುಂದೆ ಏನು ಬರುತ್ತದೆ ಎಂದು ನೋಡುವುದು ಶಾಲೆ ಬೇಡುವ ಆಟ. ಕೆಲವೇ ದಿನ ಶಾಲೆಗೆ ಹೋದವರಿಗೂ ಆ ಆಟ ಸುಲಭವಾಗಿತ್ತು.

ಶಾಲೆಗೆ ಮೊದಲೇ ಮಗುವನ್ನು ಆ ಆಟಕ್ಕೆ ಇಳಿಸಲು ದಾರಿ ಇದೆಯೇ? 1988ರಲ್ಲಿ ಮರಿಯಾ ಡಿಯಾಸ್ ಮತ್ತು ಪಾಲ್ ಹ್ಯಾರಿಸ್ ಇದೆ ಎಂದು ತೋರಿಸಿದರು. ‘ಬೆಕ್ಕುಗಳೆಲ್ಲ ಬೊಗಳುತ್ತವೆ’ ಎಂಬಂಥ ಸುಳ್ಳು ಮಾತನ್ನು ಸುಮ್ಮನೆ ಹೇಳಿ ‘ಈ ಬೆಕ್ಕು ಬೊಗಳುತ್ತದೆಯೇ?’ ಎಂದರೆ ನಾಲ್ಕರಿಂದ ಆರು ವರ್ಷದವರು ಇಲ್ಲ ಎನ್ನುತ್ತಾರೆ. ಬೆಕ್ಕು ಎಲ್ಲಾದರೂ ಬೊಗಳುತ್ತದೆಯೇ! ಅದೇ ಮಾತನ್ನು ಬೇರೊಂದು ಲೋಕದ ಕಥೆ ಹೇಳುವ ದನಿಯಲ್ಲಿ, ಆಟದ ಹಾಗೆ ಹೇಳಿದರೆ ಅವರೇ ಹೌದು, ಬೊಗಳುತ್ತದೆ ಎನ್ನುತ್ತಾರೆ. ‘ಒಂದಾನೊಂದು ಊರಲ್ಲಿ’ ಎಂದ ಕೂಡಲೇ ಮಗು ಈ ಊರಿನ ನಿಯಮ ಬಿಟ್ಟು ಆ ಊರಿನ ನಿಯಮಕ್ಕೆ ಒಪ್ಪುತ್ತದೆ. ಲೂರಿಯಾನ ರೈತ ನಿರಾಕರಿಸಿದ್ದನ್ನು ಕಥೆ ಕೇಳುವ ಮಗು ನಗುತ್ತ ಮಾಡುತ್ತದೆ.

ನಮ್ಮ ಒಗಟುಗಳಲ್ಲಿರುವುದು ಆ ಲೋಟದಾಟದ ತರ್ಕವೇ. ಒಂದು ಸುಳಿವು ಹತ್ತು ವಸ್ತುಗಳನ್ನು ಮುಂದಿಡುತ್ತದೆ, ಎರಡನೆಯದು ಒಂಬತ್ತನ್ನು ಹೊಡೆದು ಹಾಕುತ್ತದೆ. ಹಳೆಯ ಒಗಟುಗಳು ನಾಲ್ಕು ವರ್ಷದವರಿಗೆ ಬಿಗಿಯಾದಾವು. ಮನೆಯಲ್ಲೇ ಹೊಸದು ಕಟ್ಟಬಹುದು: ‘ಅಡುಗೆಮನೇಲಿ ಐತೆ, ದುಂಡಗೈತೆ, ತಿನ್ನಾಕ್ ಬರಲ್ಲ.’ ಮಗು ಈರುಳ್ಳಿ ಎಂದರೆ ‘ಈರುಳ್ಳಿ ತಿನ್ನಲ್ವಾ ನಾವು?’ ಎಂದರೆ ಸಾಕು. ತಪ್ಪು ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದರಲ್ಲೆಲ್ಲ ಗಮನಿಸಿ, ಕೆಲಸ ಮಾಡಿದ್ದು ಚಿಕ್ಕ ಚಿಕ್ಕ ಮಾತುಗಳು: ಇಲ್ಲಾಂದ್ರೆ, ಯಾಕಂದ್ರೆ, ಆದ್ರೂ, ಅದಕ್ಕೆ, ಎಲ್ಲಾ, ಒಂದೂ, ಬಂದ್ರೆ, ಬರದಿದ್ರೆ. ವಸ್ತುಗಳ ಹೆಸರು ಕಲಿಯುವುದು ಸುಲಭ, ಬೆರಳು ತೋರಿಸಿದರಾಯಿತು. ‘ಆದ್ರೂ’ ಎಂಬುದಕ್ಕೆ ಬೆರಳು ತೋರಿಸಲು ಬರುವುದಿಲ್ಲ. ಅದು ನೂರಾರು ಜಗಳ, ಚೌಕಾಸಿ, ಬೈಗುಳ, ರಮಿಸುವಿಕೆಗಳ ನಡುವೆ ಕಿವಿಗೆ ಬಿದ್ದು ಬಿದ್ದು ಬರುವಂಥದು. ರೊಳ್ಳದ ಮಗುವಿಗೆ ನಾಲ್ಕು ವರ್ಷಕ್ಕೆ ಇವೆಲ್ಲ ಕನ್ನಡದಲ್ಲಿ ಬಂದಿರುತ್ತವೆ. ಅದೇ ಮಗುವನ್ನು ಎಲ್‌ಕೆಜಿ, ಯುಕೆಜಿ ಎಂದು ಎರಡು ವರ್ಷ ಇಂಗ್ಲಿಷಿನಲ್ಲಿ ಕೂರಿಸಿದರೆ ಅದು ಮನೆಗೆ ತರುವುದು ಆ್ಯಪಲ್, ಬಾಲ್, ರೆಡ್, ನೋಸ್. ಮೂರು ಪ್ರಾಸದ ಹಾಡೂ ಸೇರಿಕೊಳ್ಳಬಹುದು. ಬರೀ ಹೆಸರುಗಳಿಂದ ವಾದ ಹೂಡಲಾಗದು. ಎರಡು ವರ್ಷ ಮಗು ತನಗೆ ಬರುವ ತರ್ಕವನ್ನು ತರಗತಿಯ ಬಾಗಿಲಲ್ಲಿ ಚಪ್ಪಲಿ ಜೊತೆ ಬಿಟ್ಟು ಒಳಗೆ ಹೋಗುತ್ತದೆ.

ಇದನ್ನು ಇಂಗ್ಲಿಷ್ ಬೇಡ ಎಂಬ ವಾದವೆಂದು ತಿಳಿಯಬಾರದು. ಗಡಿಯ ಮಕ್ಕಳು ಎರಡು ಮೂರು ಭಾಷೆಯಲ್ಲಿ ಬೆಳೆಯುವುದು ಭಾಗ್ಯವೇ. ಬೀದಿಯಲ್ಲಿ ಆಡುತ್ತಾಡುತ್ತ ತೆಲುಗು ಬರುತ್ತದೆ, ಅದರ ‘ಯಾಕಂದ್ರೆ’ಗಳ ಸಮೇತ ಬರುತ್ತದೆ. ನನ್ನ ತಕರಾರು, ಆಡದೆ, ಜಗಳವಾಡದೆ, ಬರೀ ಚಾರ್ಟಿನಿಂದ ಬರುವ ಭಾಷೆಯ ಮೇಲೆ. ಆಂಧ್ರ ಸರ್ಕಾರ 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಚರ್ಚೆ ತೆಲುಗೋ ಇಂಗ್ಲಿಷೋ ಎಂದೇ ಹೆಚ್ಚಾಗಿ ನಡೆಯಿತು. ಮಡಕಶಿರಾ, ರಾಯದುರ್ಗದ ಕನ್ನಡ ಮಾಧ್ಯಮ ಶಾಲೆಗಳು ಅದರಲ್ಲಿ ಅಡಿಟಿಪ್ಪಣಿಯಂತಿದ್ದವು, ಶಾಲೆಗೂ ಮೊದಲಿನ ಮಕ್ಕಳಂತೂ ಅಲ್ಲೂ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಮನೆಮಾತಿನಲ್ಲೇ ಕಲಿಸಬೇಕು ಎನ್ನುತ್ತದೆ. ಅದನ್ನು ಜಾರಿ ಮಾಡಬೇಕಾದವರು ರೊಳ್ಳದ ಮನೆಮಾತು ಯಾವುದೆಂದು ಮೊದಲು ಬರೆದುಕೊಳ್ಳಬೇಕು.

ಲೆಕ್ಕದ ವಿಷಯದಲ್ಲಿ ಸಂಶೋಧನೆ ಇನ್ನೂ ಖಚಿತ, ಇನ್ನೂ ಉಪಯುಕ್ತ. 2008ರಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಬಡ ಮನೆಗಳ ನಾಲ್ಕೈದು ವರ್ಷದ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಒಂದೇ ಸಾಲಿನಲ್ಲಿ ಮನೆಗಳಿರುವ ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಕಾಲು ಗಂಟೆಯ ಆಸುಪಾಸು. ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಎಂಬ ತಿಳಿವು ಏರಿತು. ಒಂಬತ್ತು ವಾರದ ನಂತರವೂ ಉಳಿದಿತ್ತು. ಸಂಖ್ಯೆ ತೆಗೆದು ಬರೀ ಬಣ್ಣದ ಮನೆಗಳಲ್ಲಿ ಆಡಿದವರಿಗೆ ಈ ಲಾಭವಿಲ್ಲ. ಮನೆಗಳನ್ನು ವೃತ್ತವಾಗಿ ಜೋಡಿಸಿದಾಗಲೂ ಸಾಲಿನಷ್ಟು ಫಲ ಸಿಗಲಿಲ್ಲ.

ನಮ್ಮ ಆಟಗಳನ್ನು ಈ ಕಣ್ಣಿನಿಂದ ನೋಡಿದರೆ, ‘ನಮ್ಮ ಹಿರಿಯರ ಆಟಗಳಲ್ಲೇ ಎಲ್ಲ ಇತ್ತು’ ಎಂದು ಎದೆ ತಟ್ಟಿಕೊಳ್ಳುವ ಲೇಖನಗಳಿಗೆ ಸ್ವಲ್ಪ ಕಡಿವಾಣ ಬೀಳುತ್ತದೆ. ಚೌಕಾಬಾರ ಸುತ್ತುವ ಆಟ, ಮನೆಗಳಿಗೆ ಸಂಖ್ಯೆಯಿಲ್ಲ. ಸರದಿ ಕಾಯಲು, ಯಾವ ಕಾಯಿ ನಡೆಸಲಿ ಎಂದು ಮುಂದಾಲೋಚಿಸಲು ಅದು ಒಳ್ಳೆಯದು, ಆದರೆ ಸಂಖ್ಯೆಯ ಸಾಲನ್ನು ಅದು ಕಲಿಸದು. ಹಾವು-ಏಣಿಯಲ್ಲಿ ಸಂಖ್ಯೆ ಇದೆ. ಒಂದು ಸಾಲು ಬಲಕ್ಕೆ, ಮುಂದಿನದು ಎಡಕ್ಕೆ ಹೋಗುವ ನೂರು ಮನೆಯ ಆ ಹಲಗೆ ನಾಲ್ಕು ವರ್ಷದವರಿಗೆ ಗೋಜಲು. ಅಳಗುಳಿಮಣೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಊಹಿಸುವ ಆಟ. ಐದಾರು ವರ್ಷಕ್ಕೆ ಚೆನ್ನ, ಮೂರಕ್ಕೆ ಬರೀ ಬೀಜ ಹಾಕುವ ಸಂತೋಷ.

ಹಾಗಾದರೆ ಏನು ಮಾಡಬೇಕು? ಅಂಗಳದಲ್ಲಿ ಸೀಮೆಸುಣ್ಣದಿಂದ ಹತ್ತು ಮನೆ ಎಳೆದು 1ರಿಂದ 10 ಬರೆಯಿರಿ. ದಾಳಕ್ಕೆ, ಚೌಕಾಬಾರಕ್ಕೆ ಮಾಡುವ ಹಾಗೆ, ಎರಡು ಹುಣಸೆ ಬೀಜಗಳ ಒಂದು ಮೈಯನ್ನು ಕಲ್ಲಿಗೆ ತೇದು ಬಿಳಿ ಮಾಡಿಕೊಳ್ಳಿ. ಬಿಳಿ ಮೈ ಎಷ್ಟು ಬಿದ್ದವೋ ಅಷ್ಟು ಹೆಜ್ಜೆ. ಎರಡೂ ಕಪ್ಪು ಬಿದ್ದರೆ ನಿಂತಲ್ಲೇ. ಇಲ್ಲಿ ಒಂದು ಸೂಕ್ಷ್ಮ ಉಂಟು. ನಾಲ್ಕನೇ ಮನೆಯಲ್ಲಿ ನಿಂತ ಮಗುವಿಗೆ ಎರಡು ಬಿದ್ದಾಗ ಅದು ‘ಒಂದು, ಎರಡು’ ಎನ್ನುತ್ತ ನೆಗೆಯುತ್ತದೆ. ‘ಐದು, ಆರು’ ಎನ್ನುತ್ತ ನೆಗೆಯಬೇಕು. ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 2014ರಲ್ಲಿ ತೋರಿಸಿದಂತೆ ಆಟದ ಲಾಭದ ಬಹುಪಾಲು ಅಡಗಿರುವುದು ನಿಂತ ಸಂಖ್ಯೆಯಿಂದ ಮುಂದಕ್ಕೆ ಎಣಿಸುವ ಈ ಅಭ್ಯಾಸದಲ್ಲಿ. ಸೊನ್ನೆ ಬಿದ್ದಾಗ ಮಗು ಪೇಚಾಡುವುದೂ ಪಾಠವೇ.

ಆದರೆ ಆಟದಿಂದ ಶಾಲೆಯ ಲೆಕ್ಕಕ್ಕೆ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆಯೇ? ಇಲ್ಲ ಎನ್ನುತ್ತದೆ ನಮ್ಮ ದೇಶದ್ದೇ ಒಂದು ದೊಡ್ಡ ಅಧ್ಯಯನ. ಮೋಯ್ರಾ ಡಿಲನ್, ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೊ ಮತ್ತಿತರರು ಪ್ರಥಮ್ ಸಂಸ್ಥೆಯ ಜೊತೆ ದಿಲ್ಲಿಯ ಬಡ ಬಡಾವಣೆಗಳ 214 ಶಾಲಾಪೂರ್ವ ಕೇಂದ್ರಗಳಲ್ಲಿ, 1,540 ಮಕ್ಕಳಿಗೆ ಸಂಖ್ಯೆ ಮತ್ತು ಆಕಾರದ ಆಟ ಆಡಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇಲ್ನೋಟಕ್ಕೆ ಯಾವ ಗುಂಪು ದೊಡ್ಡದು, ಯಾವ ಆಕಾರ ಬೇರೆ ಎನ್ನುವ ಸಹಜ ಜಾಣ್ಮೆ ಹೆಚ್ಚಿ ಒಂದು ವರ್ಷದ ಮೇಲೂ ಉಳಿಯಿತು. ಒಂದನೇ ತರಗತಿಯ ಲೆಕ್ಕದಲ್ಲಿ ಮಾತ್ರ ಆಡಿದವರೂ ಆಡದವರೂ ಒಂದೇ. ಕೈಯಲ್ಲಿರುವ ತಿಳಿವಿಗೂ ಹಲಗೆಯ ಮೇಲಿನ ಚಿಹ್ನೆಗೂ ಯಾರಾದರೂ ಗಂಟು ಹಾಕಬೇಕು. 2025ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳು ತರಕಾರಿ ಲೆಕ್ಕವನ್ನು ಬಾಯಲ್ಲೇ ಹೇಳಿ ಪುಸ್ತಕದ ಲೆಕ್ಕಕ್ಕೆ ತಡವರಿಸಿದರು. ಶಾಲೆಗೆ ಮಾತ್ರ ಹೋದವರು ಮಾರುಕಟ್ಟೆಯ ಲೆಕ್ಕಕ್ಕೆ ತಡವರಿಸಿದರು. ಹತ್ತು ಮನೆಯ ಆಟದಲ್ಲಿ ಅಂಕಿ ಬರೆಯಿರಿ ಎಂದದ್ದು ಇದಕ್ಕೇ.

ಮನಸ್ಸನ್ನು ತಡೆದು ಹಿಡಿಯುವ ಶಕ್ತಿಯೂ ತರ್ಕಕ್ಕೆ ಬೇಕು. ಮೊದಲು ಹೊಳೆದದ್ದನ್ನು ನುಂಗಿಕೊಳ್ಳದೆ ಎರಡನೆಯದನ್ನು ನೋಡಲಾಗದು. ಅದಕ್ಕೆ ಕೆರೆ-ದಡ ಆಟಕ್ಕಿಂತ ಒಳ್ಳೆಯದನ್ನು ಯಾವ ಪ್ರಯೋಗಶಾಲೆಯೂ ಹೇಳಿಕೊಟ್ಟಿಲ್ಲ. ‘ಕೆರೆ’ ಎಂದಾಗ ದಡಕ್ಕೆ, ‘ದಡ’ ಎಂದಾಗ ಕೆರೆಗೆ ಹಾರಬೇಕು ಎಂದು ನಿಯಮ ತಿರುಗಿಸಿದರೆ ಐದು ವರ್ಷದವರೂ ಬೆವರುತ್ತಾರೆ. ಇಂಥ ಆಟಗಳಿಂದ ಇಡೀ ಬುದ್ಧಿಯೇ ಬದಲಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆಟ ಚೆನ್ನಾಗಿದೆ, ಅಷ್ಟು ಸಾಕು. ಫೋನಿನ ಬಗ್ಗೆ ಹೇಳುವುದು ಬಹಳ ಇಲ್ಲ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿತು. ಫೋನು ಸರಿ-ತಪ್ಪು ಹೇಳುತ್ತದೆ, ‘ಹೆಂಗ್ ಗೊತ್ತಾತು?’ ಎಂದು ಕೇಳುವುದಿಲ್ಲ.

ಕಲಿಸುವವರು ಎಚ್ಚರ ವಹಿಸಬೇಕಾದ ಜಾಗ ಇನ್ನೊಂದಿದೆ. 2011ರಲ್ಲಿ ಎಲಿಜಬೆತ್ ಬೋನವಿಟ್ಜ್, ಲಾರಾ ಶುಲ್ಜ್ ಮತ್ತು ಸಂಗಡಿಗರು ಹಲವು ಗುಟ್ಟುಗಳಿರುವ ಒಂದು ಆಟಿಕೆಯನ್ನು ಮಕ್ಕಳ ಮುಂದಿಟ್ಟರು. ಒಂದು ಕೊಳವೆ ಎಳೆದರೆ ಸದ್ದು, ಇನ್ನೊಂದರಲ್ಲಿ ಬೆಳಕು, ಮತ್ತೊಂದರಲ್ಲಿ ಕನ್ನಡಿ, ಹೀಗೆ. ‘ಇದು ಹೇಗೆ ಕೆಲಸ ಮಾಡುತ್ತೆ ತೋರಿಸ್ತೀನಿ ನೋಡು’ ಎಂದು ಸದ್ದಿನ ಕೊಳವೆ ಎಳೆದು ತೋರಿಸಿದಾಗ ಮಕ್ಕಳು ಅದನ್ನೇ ಎಳೆಯುತ್ತ ಕೂತರು. ತಾನೂ ಈಗ ತಾನೆ ನೋಡುತ್ತಿರುವಂತೆ ನಟಿಸಿ ಅಕಸ್ಮಾತ್ ಎಳೆದಾಗ ಮಕ್ಕಳು ಮಿಕ್ಕ ಗುಟ್ಟುಗಳನ್ನೂ ಹುಡುಕಿದರು. ಮಕ್ಕಳು ಇಲ್ಲೂ ತರ್ಕವನ್ನೇ ಮಾಡಿದ್ದು: ಗೊತ್ತಿರುವವರು ಒಂದನ್ನೇ ತೋರಿಸಿದರೆ ಇರುವುದು ಒಂದೇ ಇರಬೇಕು. ಎಲ್ಲವನ್ನೂ ಹೇಳಿಕೊಟ್ಟು ಮುಗಿಸುವ ಟೀಚರಮ್ಮನ ಕ್ಲಾಸಿನಲ್ಲಿ ಮಕ್ಕಳು ತೆಪ್ಪಗಿರುತ್ತಾರೆ. ತೆಪ್ಪಗಿರುವುದನ್ನು ನಾವು ಕಲಿತದ್ದರ ಗುರುತು ಎಂದುಕೊಳ್ಳುತ್ತೇವೆ.

ಅಂಗಳದ ಕಲ್ಲು, ಎಲೆ, ಬೀಜಗಳಿಂದಲೇ ಪಾಠ ಮಾಡುವ ಯೋಚನೆ ನಮ್ಮಲ್ಲಿ ಹೊಸದಲ್ಲ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಿಂದ ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ, 1957ರ ನಂತರ ಕೋಸಬಾಡಿನ ಆದಿವಾಸಿ ಮಕ್ಕಳ ನಡುವೆ ಇದನ್ನೇ ಮಾಡಿದರು. ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ, ಸಮೀಕ್ಷೆ, ರಿಜಿಸ್ಟರು, ಈಗ ಪೋಷಣ್ ಟ್ರ್ಯಾಕರ್ ಎಂಬ ಆ್ಯಪು, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತು ಅದಕ್ಕೆ. ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಈ ಕಾರಣಕ್ಕೇ ಮುಖ್ಯ. ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಒಬ್ಬ ಕಾರ್ಯಕರ್ತೆಯನ್ನು ಹೆಚ್ಚಿಗೆ ಕೊಟ್ಟಾಗ ಪಾಠದ ಹೊತ್ತು ಎರಡು ಪಟ್ಟಾಯಿತು, ಮಕ್ಕಳ ಲೆಕ್ಕ ಮತ್ತು ಭಾಷೆ ಎರಡೂ ಸುಧಾರಿಸಿದವು. ಹಳೆಯ ಕಾರ್ಯಕರ್ತೆಗೆ ಬಿಡುವು ಸಿಕ್ಕಿ ಪೌಷ್ಟಿಕತೆಯೂ ಮೇಲಾಯಿತು. ಆಂಧ್ರದ ಅಂಗನವಾಡಿ ಕಾರ್ಯಕರ್ತೆಯರು ಸಂಬಳ, ಗ್ರಾಚ್ಯುಟಿ ಕೇಳಿ 2023ರ ಡಿಸೆಂಬರಿನಿಂದ 42 ದಿನ ಮುಷ್ಕರ ಹೂಡಿದಾಗ ಸರ್ಕಾರ ಅವರ ಮೇಲೆ ಅಗತ್ಯ ಸೇವೆಗಳ ಕಾಯ್ದೆ, ಎಸ್ಮಾ ಹಾಕಿತು. ಎಸ್ಮಾ ಹಾಕುವಷ್ಟು ಅಗತ್ಯವಾದ ಸೇವೆಗೆ ಕೊಡುವುದು ಇಂದಿಗೂ ಸಂಬಳವಲ್ಲ, ಗೌರವಧನ.

ಹೊತ್ತು ಹೆಚ್ಚಿಸಿದರೆ ಸಾಕೇ ಎಂದರೆ ಅದೂ ಅಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಚೀಟಿ ಎತ್ತಿ ಸರ್ಕಾರಿ ಶಾಲಾಪೂರ್ವ ತರಗತಿಗೆ ಸೇರಿಸಿಕೊಂಡ ಮಕ್ಕಳು ಆರನೇ ತರಗತಿಗೆ ಬರುವಷ್ಟರಲ್ಲಿ, ಸೀಟು ಸಿಗದ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು ಎಂಬ ವರದಿ 2022ರಲ್ಲಿ ಬಂದಾಗ ಶಿಕ್ಷಣ ಲೋಕ ಬೆಚ್ಚಿತು. ಕಾರಣ ಏನೆಂಬ ಚರ್ಚೆ ಮುಗಿದಿಲ್ಲ. ಆ ಒಂದು ಅಧ್ಯಯನದಿಂದ ಶಾಲಾಪೂರ್ವ ಶಿಕ್ಷಣವೇ ಬೇಡ ಎನ್ನಲಾಗದು. ಆದರೆ ಮೂರು ವರ್ಷದ ಮಗುವನ್ನು ಬೆಂಚಿನ ಮೇಲೆ ಕೂರಿಸಿ ತಿದ್ದಿಸುವುದರಿಂದ ಮುಂದೆ ಲಾಭ ಖಚಿತ ಎಂದು ನಂಬಿದವರು ಒಮ್ಮೆ ತಡೆದು ಯೋಚಿಸಬೇಕು. ನಮ್ಮಲ್ಲಿ ಪ್ರಥಮ್ ಸಂಸ್ಥೆಯ 2019ರ ಅಸರ್ ವರದಿ ನಾಲ್ಕರಿಂದ ಎಂಟು ವರ್ಷದ ಹಳ್ಳಿ ಮಕ್ಕಳನ್ನು 26 ಜಿಲ್ಲೆಗಳಲ್ಲಿ ನೋಡಿತು. ವಿಂಗಡಿಸುವುದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು, ವಿನ್ಯಾಸ ಮುಂದುವರಿಸುವುದು ಇವುಗಳಲ್ಲಿ ಚುರುಕಾದವರೇ ಓದು, ಲೆಕ್ಕದಲ್ಲೂ ಮುಂದಿದ್ದರು ಎಂದು ಅದು ಕಂಡುಕೊಂಡಿತು. ಚುಕ್ಕಿ ರಂಗೋಲಿ ಹಾಕುವ ಅಮ್ಮನ ಪಕ್ಕ ಕೂತ ಮಗುವಿಗೆ ಇವು ಮೂರೂ ಪುಕ್ಕಟೆ.

ರೊಳ್ಳದ ಮಟ್ಟಿಗೆ ದಾರಿ ದುಬಾರಿಯದಲ್ಲ. ಕರ್ನಾಟಕದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಕನ್ನಡ ಚಟುವಟಿಕೆ ಸಾಮಗ್ರಿ ಇದೆ. ಶಿರಾ ತಾಲ್ಲೂಕಿನ ಅಂಗನವಾಡಿಗೆ ಆಗುವುದು ಗಡಿಯ ಆಚೆಯ ಕನ್ನಡ ಮಗುವಿಗೂ ಆಗುತ್ತದೆ. ಎರಡು ಇಲಾಖೆಗಳು ಪತ್ರ ಬರೆದುಕೊಂಡರೆ ಮುಗಿಯುವ ಕೆಲಸ. ತರಬೇತಿಯಲ್ಲಿ ಚಾರ್ಟಿನ ಬದಲು ಪ್ರಶ್ನೆ ಕೇಳುವ, ಕಾಯುವ ಅಭ್ಯಾಸಕ್ಕೆ ಒಂದು ದಿನ ಮೀಸಲಿಡಬಹುದು. ಟೀಚರಮ್ಮ ಊರಿನವರೇ ಆಗಿದ್ದು ಕನ್ನಡ ಆಡಬಲ್ಲವರಾದರೆ ತಪಾಸಣೆಗೆ ಬಂದವರ ಮುಂದೂ ಅವರು ಕನ್ನಡದಲ್ಲೇ ಮಕ್ಕಳ ಜೊತೆ ವಾದ ಮಾಡಲಿ ಎಂದು ಬರಹದಲ್ಲಿ ಹೇಳಬಹುದು.

ಮನೆಯಲ್ಲಿ ಮಾತ್ರ ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಕಾರಣ ಕೊಡಲು ಕಲಿತ ಮಗು ಕಾರಣ ಕೇಳಲೂ ಕಲಿಯುತ್ತದೆ, ಅದನ್ನು ನಾವು ಎದುರು ಮಾತು ಎನ್ನುತ್ತೇವೆ. ‘ಮಳೇಲಿ ಹೋಗ್ಬೇಡ’ ಎಂದರೆ ‘ಅಕ್ಕ ಹೋದ್ಲಲ್ಲ, ನಾನ್ಯಾಕ್ ಹೋಗ್ಬಾರ್ದು?’ ಎನ್ನುತ್ತದೆ. ಇದು ಅಪ್ಪಟ ತರ್ಕ: ಇಬ್ಬರಿಗೂ ಮಳೆ ಒಂದೇ ಆದರೆ ನಿಯಮವೂ ಒಂದೇ ಆಗಬೇಕು. ‘ಬಾಯ್ ಮುಚ್ಕೊಂಡ್ ಕೂತ್ಕೋ’ ಎಂದರೆ ಮಗು ಕೂರುತ್ತದೆ. ‘ಅಕ್ಕನ್ ಹತ್ರ ಛತ್ರಿ ಇತ್ತು ಕಣವ್ವ’ ಎಂದರೆ ಅದು ಮೂಲೆಯಲ್ಲಿರುವ ಎರಡನೇ ಛತ್ರಿ ತರಲು ಓಡುತ್ತದೆ, ಆಗ ಅಮ್ಮ ಇನ್ನೊಂದು ಕಾರಣ ಹುಡುಕಬೇಕು.